ಗಿರಣಿಯ ಸಾಲು, ಪಂಕ್ತಿಯ ಊಟ: ಹಲವರಿಗೊಂದು ಕಂಪ್ಯೂಟರ್

ಫೋರ್ಟಿಟ್ಯೂಡ್ ವ್ಯಾಲಿಯ ನಮ್ಮ ಮನೆಗೆ ಊಟಕ್ಕೆ ಬಂದ ಸ್ನೇಹಿತರ ಮಕ್ಕಳು ಕೇಳುವುದುಂಟು: "ಅಂಕಲ್, ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇರುವಾಗ ಯೂನಿವರ್ಸಿಟಿಗೆ ಅಷ್ಟು ದುಡ್ಡು ಕೊಟ್ಟು ಇನ್ನೊಂದು ಕಂಪ್ಯೂಟರ್ ಯಾಕೆ?" ಅಂಥ ಯಂತ್ರಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಯಾಕೆ ಎನ್ನುವುದಕ್ಕೆ ಉತ್ತರ ಸುಲಭ. ಹವಾಮಾನದ ಲೆಕ್ಕ, ಜೀನ್‌ಗಳ ಹೋಲಿಕೆ ಲ್ಯಾಪ್‌ಟಾಪಿನ ಕೈಗೆ ನಿಲುಕುವುದಿಲ್ಲ. ಯಾವುದನ್ನು ಕೊಳ್ಳಬೇಕು ಎನ್ನುವುದೇ ಕಷ್ಟ.

ಇಲ್ಲಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಜಿಇ-225 ಬಂತು. ಈ ರಾಜ್ಯದ ಮೊದಲ ಕಂಪ್ಯೂಟರ್ ಅದು. ಆ ಕಾಲದಲ್ಲಿ ಕಂಪ್ಯೂಟರ್ ಬಳಸುವುದೆಂದರೆ ನಮ್ಮೂರಿನ ಹಿಟ್ಟಿನ ಗಿರಣಿಗೆ ಹೋದ ಹಾಗೆ: ತೂತು ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು ಬರಬೇಕು, ಸರದಿ ಬಂದಾಗ ಉತ್ತರ. ಒಂದು ಕಾರ್ಡು ತಪ್ಪಿದ್ದರೆ ಮತ್ತೆ ಸಾಲಿನ ಕೊನೆಗೆ.

ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ಅದೇ ದಶಕದ ನಡುಭಾಗದಲ್ಲಿ ಪಿಡಿಪಿ-6 ತರಿಸಿತು. ಜಗತ್ತಿನಲ್ಲೆಲ್ಲ ಮಾರಾಟವಾದದ್ದು ಬರೀ 23, ಧೈರ್ಯವೇ ಸರಿ! ಅದರ ವಿನ್ಯಾಸಕಾರ ಗಾರ್ಡನ್ ಬೆಲ್ ಅದಕ್ಕೆ ಮೊದಲು ಫುಲ್‌ಬ್ರೈಟ್ ವಿದ್ವಾಂಸರಾಗಿ ಸಿಡ್ನಿಯಲ್ಲಿದ್ದವರು. ಈ ಯಂತ್ರದ್ದು ಪಂಕ್ತಿಯ ಕ್ರಮ. ಬಡಿಸುವವನು ಒಬ್ಬನೇ, ಆದರೆ ಎಲೆಯಿಂದ ಎಲೆಗೆ ಒಂದೊಂದು ಸೌಟು ಹಾಕುತ್ತ ಎಷ್ಟು ಬೇಗ ಸುತ್ತುತ್ತಾನೆಂದರೆ ಪ್ರತಿಯೊಬ್ಬರಿಗೂ ತಮಗೇ ಬಡಿಸುತ್ತಿದ್ದಾನೆ ಅನ್ನಿಸುತ್ತದೆ. ಒಬ್ಬರ ಎಲೆಗೆ ಇನ್ನೊಬ್ಬರ ಕೈ ಹೋಗದಂತೆ ಪ್ರತಿ ಪ್ರೋಗ್ರಾಮಿನ ಮೆಮೊರಿಗೆ ಗಡಿ ಹಾಕುವ ವ್ಯವಸ್ಥೆಯೂ ಅದರಲ್ಲಿತ್ತು.

ಈ ಕ್ರಮಕ್ಕೆ ಒಂದು ಮಿತಿಯಿದೆ. ಎಲ್ಲರ ಕೆಲಸವೂ ಮೆಮೊರಿಯಲ್ಲಿ ಹಿಡಿಸದಿದ್ದರೆ ಯಂತ್ರ ಒಂದನ್ನು ಡಿಸ್ಕಿಗೆ ಸರಿಸಿ ಇನ್ನೊಂದನ್ನು ಒಳಗೆ ತರುತ್ತಿರಬೇಕು. ಜನ ಹೆಚ್ಚಾದರೆ ಬಡಿಸುವವನಿಗೆ ಅಡುಗೆಮನೆಗೆ ಓಡಾಡುವುದೇ ಆಗಿಹೋಗುತ್ತದೆ. ಇದು ಗೊತ್ತಿದ್ದೂ ನಾನು ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಖರೀದಿ ಸಮಿತಿಯಲ್ಲಿದ್ದಾಗ, ತರಗತಿಗಳ ಸರ್ವರಿಗೆ ಮೆಮೊರಿ ಕಡಿಮೆ ಮಾಡಿ ವೇಗದ ಪ್ರೊಸೆಸರ್ ಕೊಳ್ಳಲು ಕೈ ಎತ್ತಿದೆ. ಪರೀಕ್ಷಾ ಯೋಜನೆ ಒಪ್ಪಿಸುವ ರಾತ್ರಿ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬಂದರು. ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಮೂಡಲು ಅರ್ಧ ನಿಮಿಷ. ಗಡುವು ತಪ್ಪಿದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಅತ್ತದ್ದನ್ನು ಮರೆತಿಲ್ಲ. ಅಂದಿನಿಂದ ಮಾರಾಟಗಾರರು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ: ನೂರು ಜನ ಒಟ್ಟಿಗೆ ಕೂತರೆ ನೂರನೆಯವರು ಎಷ್ಟು ಹೊತ್ತು ಕಾಯಬೇಕು?

ಇಂದಿನ ಸಂಶೋಧನಾ ಯಂತ್ರಗಳು ಗಿರಣಿಯ ಸಾಲಿಗೇ ಮರಳಿವೆ, ಆದರೆ ಗಿರಣಿಯವನು ಜಾಣ. ಕ್ವೀನ್ಸ್‌ಲ್ಯಾಂಡಿನ ಬುನ್ಯಾದಲ್ಲೂ ಪರ್ತ್‌ನ ಪಾಸಿ ಕೇಂದ್ರದ ಸೆಟೋನಿಕ್ಸ್‌ನಲ್ಲೂ ಸಾಲನ್ನು ನಡೆಸುವುದು ಸ್ಲರ್ಮ್ ಎಂಬ ತಂತ್ರಾಂಶ. ಮದುವೆಮನೆಯ ಮೂಟೆಗೆ ಜಾಗ ತೆರವಾಗುವವರೆಗೆ ನಡುವೆ ಸಣ್ಣ ಡಬ್ಬಗಳನ್ನು ಬೀಸಿ ಕೊಡುವುದು ಅದಕ್ಕೆ ಗೊತ್ತು. ಆದರೆ ಡಬ್ಬ ಎಷ್ಟು ದೊಡ್ಡದೆಂದು ನಾವೇ ಹೇಳಬೇಕು. ಪಿಎಚ್.ಡಿ. ಮಾಡುತ್ತಿರುವ ನನ್ನ ಅಕ್ಕನ ಮಗ ಎರಡು ಗಂಟೆಯ ಕೆಲಸಕ್ಕೆ "ಇರಲಿ" ಎಂದು ಮೂರು ದಿನ ಬರೆದು ವಾರವಿಡೀ ಕಾದ. ಮೂರು ಗಂಟೆ ಎಂದು ತಿದ್ದಿಸಿದೆ. ಆ ಸಂಜೆಯೇ ಓಡಿತು.