ಧನುರ್ಮಾಸಕ್ಕೊಂದು ಶುಂಠಿ ಬಿಸ್ಕತ್ತು

ಡಿಸೆಂಬರ್ ಬಂತೆಂದರೆ ಅಮ್ಮಸಂದ್ರದ ಸುತ್ತಲಿನ ತೆಂಗಿನ ತೋಟಗಳಲ್ಲಿ ಇಬ್ಬನಿ ಸುರಿಯುತ್ತದೆ, ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಧನುರ್ಮಾಸದ ನಸುಕಿನಲ್ಲಿ ಮೆಣಸು, ಜೀರಿಗೆ, ಶುಂಠಿ ಹಾಕಿದ ಹುಗ್ಗಿ ಬೇಯುತ್ತದೆ. ಅದಕ್ಕೆ ಕೆಲವೇ ದಿನ ಮೊದಲು, ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ, ಸ್ವೀಡನ್ನಿನ ಮನೆಗಳಲ್ಲಿ ಶುಂಠಿ, ಚಕ್ಕೆ, ಲವಂಗದ ತೆಳ್ಳನೆಯ ಕಂದು ಬಿಸ್ಕತ್ತು ಸಿದ್ಧವಾಗಿರುತ್ತದೆ. ಅದೇ 'ಪೆಪ್ಪರ್‌ಕಾಕಾ'. ಚಳಿಗೂ ಜೀರ್ಣಕ್ಕೂ ಖಾರವೇ ಮದ್ದು ಎಂಬ ತಿಳಿವಳಿಕೆ ಎರಡು ಕಡೆಯೂ ಒಂದೇ.

ಈ ಬಿಸ್ಕತ್ತು ಹಿಂದೆ ಬರೀ ತಿಂಡಿಯಲ್ಲ, ಔಷಧಿಯೂ ಆಗಿತ್ತು. 1444ರಲ್ಲಿ ವಾಡ್‌ಸ್ಟೇನಾ ಮಠದ ಸನ್ಯಾಸಿನಿಯರು ಅಜೀರ್ಣಕ್ಕೆಂದು ಇದನ್ನು ಬಳಸುತ್ತಿದ್ದರೆಂಬುದು ಸ್ವೀಡನ್ನಿನ ಅತಿ ಹಳೆಯ ಉಲ್ಲೇಖಗಳಲ್ಲೊಂದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರಲು ಇನ್ನೂ 54 ವರ್ಷವಿತ್ತು. ನಮ್ಮ ಪಶ್ಚಿಮ ಕರಾವಳಿಯ ಮೆಣಸು, ಶುಂಠಿ ಅರಬ್ ವರ್ತಕರ ಹಡಗಿನಲ್ಲಿ ಕೆಂಪು ಸಮುದ್ರ ದಾಟಿ, ವೆನಿಸ್ ಮುಟ್ಟಿ, ಜರ್ಮನ್ ವ್ಯಾಪಾರಿಗಳ ಕೈಯಿಂದ ಬಾಲ್ಟಿಕ್ ತೀರ ಸೇರುತ್ತಿದ್ದವು. ಕೈ ಬದಲಾದಂತೆಲ್ಲ ಬೆಲೆ ಏರುತ್ತಿತ್ತು. ಹಾಗಾಗಿ ಈ ಬಿಸ್ಕತ್ತು ಮಠ, ಅರಮನೆಗಳ ವಸ್ತುವಾಗಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಈ ವ್ಯಾಪಾರದಿಂದಲೇ. ಸಕ್ಕರೆ, ಮಸಾಲೆ ಅಗ್ಗವಾದ ಮೇಲೆ ಬಿಸ್ಕತ್ತು ಮನೆಮನೆಯ ಹಬ್ಬಕ್ಕೆ ಬಂತು. ಅಂಗೈಯಲ್ಲಿಟ್ಟು ಬೆರಳ ಗೆಣ್ಣಿನಿಂದ ಒತ್ತಿದಾಗ ಮೂರು ಚೂರಾದರೆ ಬಯಕೆ ಈಡೇರುತ್ತದೆಂಬ ನಂಬಿಕೆಯೂ ಬೆಳೆಯಿತು.

ಇಲ್ಲಿಂದ ಮಸಾಲೆ ಹೋಯಿತು. ಬೇಯಿಸುವ ಒಲೆ ಯುರೋಪಿನಿಂದ ಬಂತು. 1898ರಲ್ಲಿ ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಆ ಸೀಮೆಯ ಅಯ್ಯಂಗಾರ್ ಕುಟುಂಬಗಳು ಮುಂದೆ ಊರೂರಿನಲ್ಲಿ ಬೇಕರಿ ಇಟ್ಟವು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಬೆರೆತ ಖಾರ ಬಿಸ್ಕತ್ತು ಅವರ ಗಾಜಿನ ಡಬ್ಬಿಗಳಲ್ಲಿ ಕಾಯಂ ಆಯಿತು. ಮಸಾಲೆಯ ಬಿಸ್ಕತ್ತು ನಮ್ಮ ನಾಲಿಗೆಗೆ ಹೊಸದಲ್ಲ.

ಪೆಪ್ಪರ್‌ಕಾಕಾವನ್ನು ಮನೆಯಲ್ಲಿ ಮಾಡುವುದಕ್ಕೆ 120 ಗ್ರಾಂ ಅಚ್ಚುಬೆಲ್ಲವನ್ನು 50 ಮಿಲಿ ನೀರಿನಲ್ಲಿ ಕರಗಿಸಿ ಸೋಸಿ, ಬಿಸಿಯಿರುವಾಗಲೇ 75 ಗ್ರಾಂ ಬೆಣ್ಣೆ ಸೇರಿಸಿ. ಒಣಶುಂಠಿ, ಚಕ್ಕೆ ಪುಡಿ ತಲಾ ಒಂದೂವರೆ ಚಮಚ, ಲವಂಗ ಮುಕ್ಕಾಲು, ಏಲಕ್ಕಿ ಅರ್ಧ, ಅಡುಗೆ ಸೋಡಾ ಮುಕ್ಕಾಲು ಚಮಚ ಹಾಕಿ. ಆರಿದ ಮೇಲೆ ಸುಮಾರು 230 ಗ್ರಾಂ ಮೈದಾ ಕಲಸಿ. ಹಸಿಶುಂಠಿ ಬೇಡ, ಅದರ ನೀರು ಗರಿಗರಿತನ ಕೆಡಿಸುತ್ತದೆ. ಬೆಲ್ಲದ ಹುಳಿಗುಣಕ್ಕೆ ಸೋಡಾ ಉಕ್ಕಿ ಹಿಟ್ಟು ಹಗುರಾಗುತ್ತದೆ, ಬಣ್ಣವೂ ಗಾಢವಾಗುತ್ತದೆ.

ಆಮೇಲೆ ಕಾಯಬೇಕು. ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಕಾಯಿಯನ್ನು ಅಟ್ಟದಲ್ಲಿ ಬಿಡುವ ಸೀಮೆಯವರಿಗೆ ಒಂದು ರಾತ್ರಿ ಹೆಚ್ಚೇನಲ್ಲ. ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಲಟ್ಟಿಸಲು ಹದವಾಗುತ್ತದೆ, ಮಸಾಲೆ ಹಿಟ್ಟಿಗೆ ಇಳಿಯುತ್ತದೆ. ಬೆಣ್ಣೆಯ ಬದಲು ಕೊಬ್ಬರಿ ಎಣ್ಣೆಯೂ ಆಗುತ್ತದೆ. ಆದರೆ ಅದು ಸುಮಾರು 24 ಡಿಗ್ರಿಗೇ ಕರಗುವುದರಿಂದ ಬೆಳಗಿನ ಚಳಿಯಲ್ಲೇ ಲಟ್ಟಿಸಿ ಮುಗಿಸಬೇಕು.

ಎರಡು ಮೂರು ಮಿಲಿಮೀಟರಿನಷ್ಟು ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ, 200 ಡಿಗ್ರಿಯ ಓವನ್ನಿನಲ್ಲಿ ಐದಾರು ನಿಮಿಷ ಬೇಯಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ, ಮೇಲೆ ತಟ್ಟೆಯಿಟ್ಟು ಮುಚ್ಚಿದರೂ ಆದೀತು. ಹೊತ್ತು ಹೆಚ್ಚು ಬೇಕು. ತೆಗೆದಾಗ ಮೆತ್ತಗಿರುತ್ತದೆ, ಆರಿದಂತೆ ಗರಿಗರಿಯಾಗುತ್ತದೆ.

ಇಂದಿನ ಬಹುಪಾಲು ಸ್ವೀಡಿಷ್ ಪಾಕಗಳಲ್ಲಿ ಕಾಳುಮೆಣಸೇ ಇಲ್ಲ. ನಾವು ಮಾಡುವಾಗ ಚಿಟಿಕೆ ಮೆಣಸಿನ ಪುಡಿ ಬೆರೆಸೋಣ. ಆ ಬಿಸ್ಕತ್ತಿಗೆ ಮೊದಲ ಖಾರ ಕೊಟ್ಟದ್ದು ನಮ್ಮ ಕರಾವಳಿ; ಅದನ್ನು ಮರಳಿ ಹಾಕುವ ಹಕ್ಕೂ ನಮ್ಮದು.