ಅಜ್ಜಿಗೆ ‘ಸೋಣ’ ನೆನಪಿದೆ, ‘ಚಿಂಗಂ’ ಗೊತ್ತಿಲ್ಲ

ಕಾಸರಗೋಡು: ಮುಸ್ಸಂಜೆಯಾದರೆ ಸಾಕು, ಅಜ್ಜಿ ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ‘ಕತ್ತಲಾಯ್ತು, ಮನೆಗೆ ಹೋಗ್ಬೇಕು’ ಅನ್ನುತ್ತಾರೆ. ಮದುವೆಯಾಗಿ ಬಂದಲ್ಲಿಂದ ಇರುವುದು ಇದೇ ಮನೆಯಲ್ಲಿ. ‘ಇದೇ ನಮ್ಮ ಮನೆ ಅಲ್ವಾ ಅಮ್ಮ’ ಎಂದು ಮಗ ವಾದಿಸಿದಷ್ಟೂ ಹಟ ಹೆಚ್ಚುತ್ತದೆ. ಸೊಸೆಯ ಉಪಾಯವೇ ಬೇರೆ: ‘ಹೋಗುವಾ ಅತ್ತೆ, ಒಂದು ಚಾ ಕುಡ್ದು ಹೋಗುವಾ.’ ಚಾ ಮುಗಿಯುವಾಗ ಹೊರಡುವ ಮಾತೇ ಮರೆತಿರುತ್ತದೆ.

ಇಂಥ ಅಜ್ಜಿ ಗಡಿನಾಡಿನ ಯಾವ ಮನೆಯಲ್ಲೂ ಇರಬಹುದು. ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಿರುವವರೇ ಹೆಚ್ಚು. ಆದರೆ ಇದು ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ. ಹೆಸರು ಡಿಮೆನ್ಶಿಯಾ, ಮರೆಗುಳಿ ರೋಗ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗೆ ಇದು ಇದೆ.

ಕೇರಳ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. ಅಲ್ಜೈಮರ್ಸ್ ರೋಗಿಗಳಿಗಾಗಿ ದೇಶಮಟ್ಟದ ಸಂಸ್ಥೆ 1992ರಲ್ಲಿ ಹುಟ್ಟಿದ್ದೇ ಇಲ್ಲಿ. ಗಡಿನಾಡಿನವರ ತೊಡಕು ಭಾಷೆಯದ್ದು. ಈ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಮೊದಲು ಜಾರಿ ಹೋಗುವುದುಂಟು. ಪೇಟೆಯಲ್ಲಿ ಸಲೀಸಾಗಿ ಮಲಯಾಳ ಮಾತಾಡುತ್ತಿದ್ದ ಅಜ್ಜ ಈಗ ಮನೆಮಾತಲ್ಲದೆ ಬೇರೆ ಆಡುವುದಿಲ್ಲ. ವೈದ್ಯರು ನೆನಪಿನ ಪರೀಕ್ಷೆಗೆಂದು ಮಲಯಾಳದಲ್ಲಿ ತಿಂಗಳು ಕೇಳುತ್ತಾರೆ. ಅಜ್ಜಿ ಹೇಳುವುದು ‘ಸೋಣ’. ಸೋಣ ಅಂದರೆ ಚಿಂಗಂ ತಿಂಗಳೇ. ಉತ್ತರ ಸರಿ. ಅದನ್ನು ಹೇಳುವ ಜನ ಪಕ್ಕದಲ್ಲಿಲ್ಲದಿದ್ದರೆ ಅಂಕ ಮಾತ್ರ ಸೊನ್ನೆ! ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಎರಡೂ ಭಾಷೆ ಬಲ್ಲ ಮನೆಯವರೊಬ್ಬರು ಜತೆಗಿರಲೇಬೇಕು.

ಎರಡು ಭಾಷೆಯ ಬಾಳು ಬರೀ ತೊಡಕೂ ಅಲ್ಲ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ತಂಡ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಅಷ್ಟೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಇಲ್ಲಿನವರಿಗೆ ಇದು ಖುಷಿಯ ಸುದ್ದಿಯೇ. ಹಾಗೆಂದು ಕಾಯಿಲೆ ಬರುವುದೇ ಇಲ್ಲ ಎಂದಲ್ಲ.

ಮರೆವೆಲ್ಲ ಡಿಮೆನ್ಶಿಯಾ ಅಲ್ಲ ಎಂಬುದೂ ನೆನಪಿರಲಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದು ಕೂಡ ಹಾಗೇ ತೋರಬಹುದು. ಇವಕ್ಕೆ ಮದ್ದಿದೆ, ಪರಿಹಾರ ಇದೆ. ತಡಮಾಡಬಾರದು, ಅಷ್ಟೆ.

ನಾಚಿಕೆಯಿಂದ ಮುಚ್ಚಿಡುವುದೇ ದೊಡ್ಡ ಅಪಾಯ. ಅಂಗಡಿಯವರಿಗೆ, ಆಟೋದವರಿಗೆ, ಭಜನಾ ಮಂದಿರದವರಿಗೆ ಮೊದಲೇ ಹೇಳಿಟ್ಟರೆ ದಾರಿ ತಪ್ಪಿದ ಅಜ್ಜನನ್ನು ಯಾರಾದರೂ ಕೈಹಿಡಿದು ಕರೆತಂದಾರು. ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ, ಕನ್ನಡದಲ್ಲೂ ಮಲಯಾಳದಲ್ಲೂ. ಕಟ್ಟೆ ಇಲ್ಲದ ಬಾವಿ, ಅಡಕೆ ತೋಟದ ಕೆರೆಗೆ ಬೇಲಿ ಬೇಕು. ಹೆಸರು ಮರೆತವರಿಗೂ ಹಳೆಯ ಭಜನೆ ಬಾಯಿಗೆ ಬರುವುದುಂಟು; ಮಂದಿರಕ್ಕೆ ಕರೆದೊಯ್ಯುವುದನ್ನು ಬಿಡಬಾರದು. ಹಗಲು ರಾತ್ರಿ ನೋಡಿಕೊಳ್ಳುವ ಸೊಸೆಗೋ ಮಗಳಿಗೋ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಲು ನೆರೆಮನೆಯವರು ಬಂದು ಕೂತರೂ ಅದು ದೊಡ್ಡ ಉಪಕಾರ.

ಹಿರಿಯರಿಗಾಗಿ ಸರಕಾರದ ಸಹಾಯವಾಣಿ 14567. ಆರೈಕೆ ಮಾಡಿ ಮನಸ್ಸು ಬಳಲಿದವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.