ಗೇರ್ ಬೀಳದಿದ್ದರೆ ಆ ಸ್ಕ್ರೂ ಮುಟ್ಟಬೇಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಮೌಂಟನ್ ಬೈಕ್ ಇಟ್ಟುಕೊಂಡವರದ್ದು ಒಂದೇ ದೂರು: ‘ಹಿಂದಿನ ಗೇರ್ ಸರಿ ಬೀಳುವುದಿಲ್ಲ ಮಾರಾಯ್ರೆ.’ ಸಿಗುವ ಉತ್ತರವೂ ಒಂದೇ: ‘ಡಿರೈಲರ್‌ನಲ್ಲಿ ಎರಡು ಸಣ್ಣ ಸ್ಕ್ರೂ ಉಂಟಲ್ಲ, ಸ್ವಲ್ಪ ತಿರುಗಿಸಿ ನೋಡಿ.’ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವೇ ಡಿರೈಲರ್. ಅದರ ಆ ಸ್ಕ್ರೂಗಳಿಗೆ ಎಚ್, ಎಲ್ ಎಂಬ ಗುರುತಿದೆ. ಚೈನ್ ಅತಿ ಸಣ್ಣ ಹಲ್ಲುಚಕ್ರ ದಾಟಿ ಹೊರಗೆ ಬೀಳದಂತೆ ಎಚ್ ತಡೆಯುತ್ತದೆ; ಅತಿ ದೊಡ್ಡದನ್ನು ದಾಟಿ ಕಡ್ಡಿಗಳ ಕಡೆ ಹೋಗದಂತೆ ಎಲ್ ತಡೆಯುತ್ತದೆ. ನಡುವಿನ ಗೇರ್‌ಗಳಿಗೂ ಅವಕ್ಕೂ ಸಂಬಂಧವೇ ಇಲ್ಲ. ಎಲ್ ಸಡಿಲ ಮಾಡಿಕೊಂಡು ಕುಲ್ಕುಂದದಿಂದ ಬಿಸಿಲೆ ಘಾಟಿ ಹತ್ತಲು ಹೊರಟರೆ, ಏರಿನಲ್ಲಿ ಕೊನೆಯ ಗೇರ್ ಹಾಕಿದ ಕ್ಷಣ ಚೈನ್ ದೊಡ್ಡ ಹಲ್ಲುಚಕ್ರದ ಹಿಂದೆ ಸಿಕ್ಕಿಕೊಳ್ಳುತ್ತದೆ. ಡಿರೈಲರ್ ಕಡ್ಡಿಗಳೊಳಗೆ ನುಗ್ಗಿದರೆ ಹಿಂದಿನ ಗಾಲಿಯ ಕಥೆಯೂ ಮುಗಿಯಿತು.

ಕ್ಲಿಕ್ಕಿಗೊಂದು ಗೇರ್ ಬೀಳುವ ಈಗಿನ ವ್ಯವಸ್ಥೆಯನ್ನು ಶಿಮಾನೊ 1984ರಲ್ಲಿ ತಂದಿತು. ಅದಕ್ಕೂ ಮೊದಲು ಸವಾರ ಅಂದಾಜಿನಲ್ಲೇ ಲಿವರ್ ಎಳೆದು ಗೇರ್ ಹೊಂದಿಸಿಕೊಳ್ಳುತ್ತಿದ್ದ. ಈಗ ಆ ಅಂದಾಜು ಪೂರಾ ಕೇಬಲ್ಲಿನ ಪಾಲಿಗೆ ಬಂದಿದೆ. ಏಳು ಗೇರ್‌ನ ಫ್ರೀವೀಲ್‌ನಲ್ಲಿ ಹಲ್ಲುಚಕ್ರಗಳ ನಡುವಿನ ಅಂತರ ಸುಮಾರು 5 ಮಿ.ಮೀ. ಒಂದು ಕ್ಲಿಕ್ಕಿಗೆ ಕೇಬಲ್ ಸರಿಯುವುದು ಹೆಚ್ಚುಕಡಿಮೆ 3 ಮಿ.ಮೀ. ಅದರಲ್ಲಿ ಅರ್ಧ ಮಿ.ಮೀ. ಸಡಿಲಾದರೂ ಚೈನ್ ಗರಗರ ಎನ್ನುತ್ತದೆ. ದೊಡ್ಡ ಚಕ್ರಕ್ಕೆ ಹತ್ತಲು ಚೈನ್ ಹಿಂಜರಿದರೆ, ಕೇಬಲ್ ಡಿರೈಲರ್‌ಗೆ ಸೇರುವಲ್ಲಿನ ಗುಂಡು ತಿರುಗಣೆಯನ್ನು ಹಿಂದಿನಿಂದ ನೋಡುತ್ತಾ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಸ್ಕ್ರೂಡ್ರೈವರ್ ಬೇಕಿಲ್ಲ, ಬೆರಳು ಸಾಕು.

ನಮ್ಮೂರಿನ ಮಳೆ ಕೊಡುವ ತೊಂದರೆಯೇ ಬೇರೆ. ದೊಡ್ಡ ಚಕ್ರಕ್ಕೆ ಸಲೀಸಾಗಿ ಹತ್ತುವ ಚೈನ್ ಸಣ್ಣದಕ್ಕೆ ಇಳಿಯಲು ತಡಮಾಡಿದರೆ ಕೇಬಲ್ ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ. ಹತ್ತಿಸುವುದು ಹೆಬ್ಬೆರಳಿನ ಬಲ. ಇಳಿಸುವುದು ಡಿರೈಲರ್‌ನ ಪುಟ್ಟ ಸ್ಪ್ರಿಂಗ್ ಮಾತ್ರ, ಅದಕ್ಕೆ ತುಕ್ಕನ್ನು ಮೀರುವ ಶಕ್ತಿ ಇಲ್ಲ. ಡಿರೈಲರ್ ಹತ್ತಿರದ ಬಾಗಿದ ಕೇಬಲ್ ಕವಚದಲ್ಲಿ ಕೆಸರು ನೀರು ನಿಲ್ಲುತ್ತದೆ. ಕೇಬಲ್ ಕಳಚಿ ಆ ತುಂಡಿನೊಳಗೆ ಎಳೆದಾಡಿ ನೋಡಿ. ಮರಳಿನಂತೆ ಉಜ್ಜಿದರೆ ತಂತಿ, ಕವಚ ಎರಡನ್ನೂ ಬದಲಿಸಿ. ಅದಕ್ಕೆ ತೆಂಗಿನೆಣ್ಣೆ ಬಿಡಬೇಡಿ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಕವಚದೊಳಗೂ ಹೆಪ್ಪುಗಟ್ಟುತ್ತದೆ.

ಎಲ್ಲವೂ ಕೇಬಲ್ಲಿನ ತಪ್ಪೂ ಅಲ್ಲ. ಚೈನ್ ಹೊಸತು ಹಾಕಿದ ಮೇಲೂ ಜಾರುತ್ತಿದ್ದರೆ ಸವೆದದ್ದು ಫ್ರೀವೀಲ್. ಪಿಕಪ್‌ನಲ್ಲಿ ಡಿರೈಲರ್ ಅಡಿಯಾಗಿ ಮಲಗಿಸಿ ತಂದ ಸೈಕಲ್‌ನಲ್ಲಿ ಡಿರೈಲರ್ ಕೂರುವ ಹ್ಯಾಂಗರ್ ಬಾಗಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮುಂಚೆ ಮೋಡ ನೋಡಿ, ಗೊನೆ ನೋಡಿ, ನಾಲ್ಕು ಜನರನ್ನು ಕೇಳುವ ನಮ್ಮವರು, ಅರ್ಧ ನಿಮಿಷದ ವಿಡಿಯೊ ನಂಬಿ ಸೈಕಲ್ ಬಿಚ್ಚುತ್ತಾರೆ. ಕಣ್ಣಿಗೆ ಕಾಣುವ ಸ್ಕ್ರೂ ಮೇಲೆ ಇರುವ ನಂಬಿಕೆ ಕವಚದೊಳಗಿನ ತುಕ್ಕಿನ ಮೇಲಿಲ್ಲ.

ಈಗಾಗಲೇ ಸ್ಕ್ರೂ ತಿರುಗಿಸಿ ಆಗಿದೆಯೇ? ಕೇಬಲ್ ಕಳಚಿ, ಪೆಡಲ್ ತಿರುಗಿಸಿ ಚೈನನ್ನು ಅತಿ ಸಣ್ಣ ಚಕ್ರಕ್ಕೆ ತನ್ನಿ. ಡಿರೈಲರ್‌ನ ಮೇಲಿನ ಪುಟ್ಟ ಚಕ್ರ ಅದರ ನೇರಕ್ಕೆ ಬರುವಂತೆ ಎಚ್ ಹೊಂದಿಸಿ. ಆಮೇಲೆ ಪೆಡಲ್ ತಿರುಗಿಸುತ್ತಾ ಡಿರೈಲರನ್ನು ಕೈಯಲ್ಲಿ ಮೆಲ್ಲ ಒಳಕ್ಕೆ ತಳ್ಳಿ, ದೊಡ್ಡ ಚಕ್ರದಾಚೆ ಹೋಗದಂತೆ ಎಲ್ ಬಿಗಿ ಮಾಡಿ. ಕೇಬಲ್ ಕಟ್ಟುವುದು ಅದಾದ ಮೇಲೆ.